ಅಂಗಾಲಿನ ಹುಣ್ಣು ಮತ್ತು ಒತ್ತಡದ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಸಂಜೆ ಮನೆಗೆ ಹೋಗಿ ಬೂಟು ಬಿಚ್ಚಿದಾಗ ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ, ಸೂಚನಾಫಲಕಕ್ಕೆ ಚುಚ್ಚುವ ಡ್ರಾಯಿಂಗ್ ಪಿನ್ನೊಂದು ಹೆಬ್ಬೆರಳಿನ ಬುಡದಲ್ಲಿ ನೆಟ್ಟು ನಿಂತಿತ್ತು. ಪಿನ್ನು ಬೂಟಿನೊಳಗೆ ಹೇಗೋ ಬಿದ್ದಿತ್ತು. ಅಂದು ಅವರು ನಾಲ್ಕು ತರಗತಿ ತೆಗೆದುಕೊಂಡಿದ್ದರು, ಎರಡು ಬಾರಿ ಮಹಡಿ ಹತ್ತಿ ಇಳಿದಿದ್ದರು. ಅದು ಯಾವಾಗ ಚುಚ್ಚಿತೆಂಬುದೇ ಅವರಿಗೆ ತಿಳಿದಿರಲಿಲ್ಲ.

ಅವರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಪಿನ್ನು ತೆಗೆದದ್ದಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಒಂದು ಆಸ್ಪತ್ರೆಯಲ್ಲಿ ಏಳು ತಿಂಗಳು ಮುಲಾಮು, ಪಟ್ಟಿ, ಆಂಟಿಬಯಾಟಿಕ್ ನಡೆಯಿತು. ಹುಣ್ಣು ರೂಪಾಯಿ ನಾಣ್ಯದಷ್ಟು ಅಗಲವಾಗಿ ಮೂಳೆ ಮುಟ್ಟಿತು, ಹೆಬ್ಬೆರಳು ಹೋಯಿತು. “ಸಕ್ಕರೆ ಇರೋರ ಗಾಯ ಹಾಗೇ ಸಾರ್, ಮಾಯೋದಿಲ್ಲ” ಎಂದು ಅವರಿಗೆ ಹೇಳಿದವರು ಒಬ್ಬಿಬ್ಬರಲ್ಲ. ಆ ಏಳು ತಿಂಗಳೂ ಅವರು ಎಂದಿನಂತೆ ನಡೆದುಕೊಂಡೇ ತರಗತಿಗೆ ಬಂದರು. ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಬಲ, ವಿಸ್ತೀರ್ಣ, ಒತ್ತಡ ಎಂದು ಪಾಠ ಹೇಳಿದ ನಾನೂ ಕೇಳಲಿಲ್ಲ.

ಎರಡು ವರ್ಷಗಳ ನಂತರ ಅವರ ಇನ್ನೊಂದು ಪಾದದಲ್ಲಿ, ಅದೇ ಜಾಗದಲ್ಲಿ, ಜಡ್ಡುಗಟ್ಟಿದ ಚರ್ಮದ ಕೆಳಗೆ ಹುಣ್ಣಾಯಿತು. ಈ ಬಾರಿ ಬೇರೊಬ್ಬ ವೈದ್ಯರು ರಕ್ತಸಂಚಾರ ಪರೀಕ್ಷಿಸಿ, ಜಡ್ಡನ್ನು ಕೆತ್ತಿ ತೆಗೆದು, ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. ಮೂಳೆ ಮುರಿದವರಿಗೆ ಹಾಕುವಂಥದೇ ಪ್ಲಾಸ್ಟರ್. ಒಂಬತ್ತನೆಯ ವಾರ ಹುಣ್ಣು ಮುಚ್ಚಿತ್ತು. ಅದೇ ಮನುಷ್ಯ, ಅದೇ ಸಕ್ಕರೆ, ಅದೇ ಮಾಂಸ. ಒಬ್ಬರ ಕಥೆಯಿಂದ ವಿಜ್ಞಾನದಲ್ಲಿ ಏನೂ ಸಿದ್ಧವಾಗುವುದಿಲ್ಲ ನಿಜ. ಆದರೆ ಈ ಪ್ಲಾಸ್ಟರಿನ ಹಿಂದೆ ದೀರ್ಘಕಾಲದ ಸಂಶೋಧನೆಯಿದೆ, ಅದರ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ನೆರೆಯ ವೆಲ್ಲೂರಿನಲ್ಲಿ.

ಗಾಯ ಮಾಯದಿರುವುದು ಏಕೆ?

ಸಾಮಾನ್ಯ ಗಾಯವೊಂದರಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ನಂತರ ಬಿಳಿಯ ರಕ್ತಕಣಗಳು ಬಂದು ಸತ್ತ ಜೀವಕೋಶಗಳನ್ನೂ ಬ್ಯಾಕ್ಟೀರಿಯಗಳನ್ನೂ ತೆರವು ಮಾಡುತ್ತವೆ. ಇದೇ ಉರಿಯೂತದ ಹಂತ. ಆಮೇಲೆ ಹೊಸ ಲೋಮನಾಳಗಳೂ ಕೊಲ್ಯಾಜನ್ ನಾರುಗಳೂ ಹುಟ್ಟಿ, ಅಂಚಿನಿಂದ ಚರ್ಮ ತೆವಳಿ ಬಂದು ಗಾಯವನ್ನು ಮುಚ್ಚುತ್ತದೆ. ದೀರ್ಘಕಾಲಿಕ ಗಾಯ ಎರಡನೆಯ ಹಂತದಲ್ಲೇ ಸಿಕ್ಕಿಬಿದ್ದಿರುತ್ತದೆ. ಕಾಲಿನ ಸಿರೆಗಳಲ್ಲಿ ರಕ್ತ ನಿಲ್ಲುವುದರಿಂದ, ಅಪಧಮನಿ ಕಿರಿದಾಗುವುದರಿಂದ, ಹಾಸಿಗೆ ಹಿಡಿದವರು ಮಗ್ಗುಲು ಬದಲಿಸದಿರುವುದರಿಂದ, ಸಕ್ಕರೆ ಕಾಯಿಲೆಯಿಂದ ಹೀಗಾಗಬಹುದು. ಒಂದಕ್ಕಿಂತ ಹೆಚ್ಚು ಕಾರಣಗಳು ಸೇರಿದಾಗ ಗಾಯ ಜಟಿಲವಾಗುತ್ತದೆ.

ಸಕ್ಕರೆ ಕಾಯಿಲೆಯಲ್ಲಿ ರಕ್ತದ ಹೆಚ್ಚಿನ ಗ್ಲೂಕೋಸ್ ವರ್ಷಾನುಗಟ್ಟಲೆಯಲ್ಲಿ ನರಗಳನ್ನು ಹಾಳುಮಾಡುತ್ತದೆ. ಅತಿ ಉದ್ದದ ನರಗಳು, ಎಂದರೆ ಪಾದಕ್ಕೆ ಹೋಗುವವು, ಮೊದಲು ಕೆಡುತ್ತವೆ. ನೋವು ತಿಳಿಯುವುದಿಲ್ಲ, ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ, ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಮಡಚಿಕೊಂಡು ಅವುಗಳ ಬುಡದ ಮೂಳೆತುದಿಗಳು ಕೆಳಕ್ಕೆ ಚಾಚುತ್ತವೆ. ರಕ್ತಸಂಚಾರವೂ ಕುಗ್ಗಿದ್ದರೆ ಅದು ಬೇರೆಯೇ ಸಮಸ್ಯೆ, ಅದಕ್ಕೆ ಬೇರೆಯೇ ಚಿಕಿತ್ಸೆ. ಇಲ್ಲಿ ನಾನು ಹೇಳಹೊರಟಿರುವುದು ರಕ್ತಸಂಚಾರ ಸಾಕಷ್ಟಿದ್ದು ಸ್ಪರ್ಶಜ್ಞಾನ ಹೋದ ಪಾದದ ಬಗ್ಗೆ.

ಸ್ಪರ್ಶಜ್ಞಾನ ಹೋಗಿದೆಯೆಂದು ತಿಳಿಯಲು ಬಳಸುವ ಸಾಧನ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆ, ಅಷ್ಟೆ. ಅದರ ತುದಿಯನ್ನು ಅಂಗಾಲಿಗೆ ಒತ್ತಿದಾಗ ಎಳೆ ಸ್ವಲ್ಪ ಹೊತ್ತು ನೇರವಾಗಿ ನಿಂತು, ಬಲ ಸುಮಾರು 10 ಗ್ರಾಂ ತೂಕದಷ್ಟಾದಾಗ ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಕೈ ಎಷ್ಟು ಒತ್ತಿದರೂ ಬಾಗುವಿಕೆ ಹೆಚ್ಚುತ್ತದೆಯೇ ವಿನಾ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಕಂಬಗಳಿಗೆ ಬರೆದ ಸೂತ್ರ ಇಲ್ಲಿ ಕೆಲಸ ಮಾಡುತ್ತಿದೆ: ಬಾಗಿಸಲು ಬೇಕಾದ ಬಲ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿಯೂ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಆದ್ದರಿಂದ ಪರೀಕ್ಷಿಸುವವರ ಕೈ ಹಗುರವೋ ಭಾರವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಕಣ್ಣು ಮುಚ್ಚಿದ ರೋಗಿಗೆ ಈ ಸ್ಪರ್ಶ ತಿಳಿಯದಿದ್ದರೆ ಆ ಪಾದಕ್ಕೆ ತನ್ನನ್ನು ಕಾಯ್ದುಕೊಳ್ಳುವಷ್ಟು ಸಂವೇದನೆ ಉಳಿದಿಲ್ಲವೆಂದು ಅರ್ಥ. ಒಂದೇ ಎಳೆಯನ್ನು ಬಿಡುವಿಲ್ಲದೆ ಬಳಸಿದರೆ ನೈಲಾನ್ ದಣಿದು ಮೊದಲೇ ಬಾಗತೊಡಗುತ್ತದೆ. ಅದಕ್ಕೂ ವಿಶ್ರಾಂತಿ ಬೇಕು!

ಗ್ರಾಫ್ ಹಾಳೆಯ ಮೇಲೆ ಪಾದ

ಒಂದು ಪುಟ್ಟ ಪ್ರಯೋಗವನ್ನು ತರಗತಿಯಲ್ಲೇ ಮಾಡಬಹುದು. ಪಾದವನ್ನು ಒದ್ದೆ ಮಾಡಿಕೊಂಡು ಗ್ರಾಫ್ ಹಾಳೆಯ ಮೇಲೆ ಒಂದೇ ಕಾಲಿನಲ್ಲಿ ನಿಲ್ಲಿ. ಒದ್ದೆಯಾದ ಭಾಗದ ಸುತ್ತ ಗೆರೆಯೆಳೆದು ಚೌಕಗಳನ್ನು ಎಣಿಸಿ. ಅದು 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳೋಣ. ನಿಮ್ಮ ದ್ರವ್ಯರಾಶಿ 60 ಕಿ.ಗ್ರಾಂ. ಆದರೆ ತೂಕ 588 ನ್ಯೂಟನ್. ಭಾಗಿಸಿದರೆ ಒತ್ತಡ ಸುಮಾರು 59 ಕಿಲೋಪಾಸ್ಕಲ್, ರಕ್ತದೊತ್ತಡದ ಭಾಷೆಯಲ್ಲಿ ಹೇಳುವುದಾದರೆ ಪಾದರಸದ 440 ಮಿ.ಮೀ.

ಈಗ ಇನ್ನೊಂದು ಸಂಖ್ಯೆ. ಯೂಜಿನ್ ಲ್ಯಾಂಡಿಸ್ ಎಂಬ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಮನುಷ್ಯರ ಉಗುರಿನ ಬುಡದ ಲೋಮನಾಳಗಳಿಗೆ ಅತಿಸೂಕ್ಷ್ಮ ಗಾಜಿನ ನಳಿಗೆ ಚುಚ್ಚಿ ಅಲ್ಲಿನ ಒತ್ತಡ ಅಳೆದು 1930ರಲ್ಲಿ ಪ್ರಕಟಿಸಿದ. ಅಪಧಮನಿಯ ಕಡೆಯ ತುದಿಯಲ್ಲಿ ಅದು ಸರಾಸರಿ 32 ಮಿ.ಮೀ. ಹೊರಗಿನ ಒತ್ತಡ ಇದಕ್ಕಿಂತ ಬಹಳ ಹೆಚ್ಚಾದರೆ ಲೋಮನಾಳ ಚಪ್ಪಟೆಯಾಗಿ ರಕ್ತ ಹರಿಯದು. ನಾವು ಇಡುವ ಪ್ರತಿ ಹೆಜ್ಜೆಯೂ ಇದರ ಹದಿಮೂರು ಹದಿನಾಲ್ಕು ಪಟ್ಟು ಒತ್ತುತ್ತಿದೆ. ಹಾಗಾದರೆ ನಮ್ಮ ಅಂಗಾಲು ಏಕೆ ಕೊಳೆಯುವುದಿಲ್ಲ?

ಉತ್ತರ ಕಾಲದಲ್ಲಿದೆ. ನಡೆಯುವಾಗ ಒಂದು ಪಾದ ನೆಲದ ಮೇಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅದು ಎದ್ದೊಡನೆ ರಕ್ತ ಮತ್ತೆ ನುಗ್ಗುತ್ತದೆ. ನಿಂತಿರುವಾಗ ನಮಗೇ ತಿಳಿಯದಂತೆ ಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಬದಲಿಸುತ್ತಿರುತ್ತೇವೆ. ಅಮೆರಿಕದ ಮೈಕೆಲ್ ಕೋಸಿಯಾಕ್ 1959ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದೂ ಇದನ್ನೇ. ಹೆಚ್ಚಿನ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಹಾನಿಯನ್ನು ಕಡಿಮೆ ಒತ್ತಡ ಹೆಚ್ಚು ಹೊತ್ತಿನಲ್ಲಿ ಮಾಡುತ್ತದೆ. ಇಡೀ ದಿನ ಹಾಕಿಕೊಂಡ ಬಿಗಿ ಬೂಟು ಹುಣ್ಣು ಮಾಡುವುದು ಹೀಗೆ.

59 ಕಿಲೋಪಾಸ್ಕಲ್ ಎಂಬುದು ಸರಾಸರಿ ಮಾತ್ರ. ನಡೆಯುವಾಗ ಹಿಮ್ಮಡಿ ಎದ್ದು ದೇಹದ ಭಾರವೆಲ್ಲ ಬೆರಳುಗಳ ಬುಡಕ್ಕೆ ಬರುವ ಕ್ಷಣದಲ್ಲಿ, ಮೂಳೆತುದಿ ಚಾಚಿದ ಪಾದದಲ್ಲಿ, ಸ್ಥಳೀಯ ಒತ್ತಡ ಹಲವು ನೂರು ಕಿಲೋಪಾಸ್ಕಲ್‌ಗೆ ಏರುತ್ತದೆ. ಹುಣ್ಣುಗಳು ಹೆಚ್ಚಾಗಿ ಆಗುವುದು ಅಲ್ಲೇ.

ವೆಲ್ಲೂರಿನ ಪಾಠ

ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಅವರು ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಗೆ ತೊಡಗಿದರು. ಕುಷ್ಠರೋಗಿಗಳ ಮಾಂಸ ‘ಕೆಟ್ಟ ಮಾಂಸ’, ಅವರ ಹುಣ್ಣು ಮಾಯುವುದಿಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಇಂದು ಸಕ್ಕರೆ ಕಾಯಿಲೆಯ ಬಗ್ಗೆ ಕೇಳುವುದು ಅದೇ ಮಾತಿನ ಇನ್ನೊಂದು ರೂಪ. ಬ್ರಾಂಡ್ ಕಂಡದ್ದು ಬೇರೆ. ಪ್ಲಾಸ್ಟರ್ ಹಾಕಿ ಕಾಪಾಡಿದ ಪಾದದ ಹುಣ್ಣು ಎಲ್ಲರ ಗಾಯದಂತೆಯೇ ಮಾಯುತ್ತಿತ್ತು. ಪ್ಲಾಸ್ಟರ್ ತೆಗೆದು ರೋಗಿ ಬರಿಗಾಲಲ್ಲಿ ನಡೆದೊಡನೆ ಮತ್ತೆ ಬಾಯ್ದೆರೆಯುತ್ತಿತ್ತು. ಹುಣ್ಣಿಗೆ ಪ್ಲಾಸ್ಟರ್ ಹಾಕುವುದು ಅವರೊಬ್ಬರದೇ ಕಲ್ಪನೆಯಲ್ಲ. ಸಿಲೋನಿನಲ್ಲಿ ಮಿಲ್‌ರಾಯ್ ಪಾಲ್, ಭಾರತದಲ್ಲಿ ಕೆಲವರು 1930ರ ದಶಕದಲ್ಲೇ ಅದನ್ನು ಮಾಡಿದ್ದರು. ಹುಣ್ಣಿನ ಕಾರಣವನ್ನು ಯಂತ್ರಶಾಸ್ತ್ರದ ಕಣ್ಣಿನಿಂದ ಬಿಡಿಸಿ ನೋಡಿದ್ದು ಬ್ರಾಂಡ್ ಅವರ ಹಿರಿಮೆ.

ಅವರ ಪ್ರಕಾರ ಸಂವೇದನೆಯಿಲ್ಲದ ಪಾದಕ್ಕೆ ಬಲ ಮೂರು ಬಗೆಯಲ್ಲಿ ಹಾನಿ ಮಾಡುತ್ತದೆ. ಬಿಗಿ ಪಾದರಕ್ಷೆಯ ಅಲ್ಪ ಒತ್ತಡ ಗಂಟೆಗಟ್ಟಲೆ ರಕ್ತ ತಡೆಯುತ್ತದೆ. ಮೊಳೆ, ಗಾಜಿನ ಚೂರು ಒಂದೇ ಏಟಿಗೆ ಚರ್ಮ ಹರಿಯುತ್ತವೆ. ಮೂರನೆಯದೇ ಮುಖ್ಯ: ಚರ್ಮವನ್ನು ಹರಿಯಲಾರದ, ರಕ್ತವನ್ನೂ ಹೆಚ್ಚು ಹೊತ್ತು ತಡೆಯಲಾರದ ಮಧ್ಯಮ ಒತ್ತಡ, ಅದೇ ಜಾಗದ ಮೇಲೆ, ಸಾವಿರಾರು ಬಾರಿ. ದಿನಕ್ಕೆ 5000 ಹೆಜ್ಜೆಯೆಂದರೆ ಒಂದೊಂದು ಪಾದಕ್ಕೆ 2500 ಪೆಟ್ಟು. ಇಲಿಗಳ ಪಾದವನ್ನು ಯಂತ್ರದಿಂದ ಹೀಗೆ ಸಾವಿರಾರು ಬಾರಿ ಒತ್ತಿದಾಗ ಮೊದಲು ಅದು ಬಿಸಿಯಾಯಿತು, ಊದಿತು. ದಿನಗಳು ಕಳೆದಂತೆ ಒಡೆಯಿತು. ಒತ್ತುವ ಸಂಖ್ಯೆ ಇಳಿಸಿ ನಡುವೆ ಬಿಡುವು ಕೊಟ್ಟಾಗ ಒಡೆಯುವ ಬದಲು ಚರ್ಮ ದಪ್ಪವಾಯಿತು. ನಮಗಾದರೆ ಉರಿಯೂತದ ಜಾಗ ನೋಯುತ್ತದೆ, ಕುಂಟುತ್ತೇವೆ, ಭಾರ ಬೇರೆಡೆಗೆ ಹೋಗುತ್ತದೆ. ನೋವಿಲ್ಲದವರು ಕುಂಟುವುದಿಲ್ಲ. ಐದು ಸಾವಿರದ ಹೆಜ್ಜೆಯೂ ಮೊದಲ ಹೆಜ್ಜೆಯಂತೆ ಅಲ್ಲೇ ಬೀಳುತ್ತದೆ.

ವೆಲ್ಲೂರಿನ ಬಳಗ ರೂಢಿಗೆ ತಂದ ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ ‘ಎಂ.ಸಿ.ಆರ್. ಚಪ್ಪಲಿ’ ಎಂಬ ಹೆಸರಿನಲ್ಲಿ ಇಂದಿಗೂ ನಮ್ಮ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿದೆ. 1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನ ರಾಜ್ಯದ ಕಾರ್‌ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಕುಷ್ಠದಿಂದ ಕಲಿತದ್ದು ಸಕ್ಕರೆ ಕಾಯಿಲೆಯ ಪಾದಕ್ಕೆ ದಾಟಿದ್ದು ಅಲ್ಲಿ.

ಪ್ಲಾಸ್ಟರ್ ಮಾಡುವುದೇನು? ಪಾದ ಮತ್ತು ಕಾಲಿನ ಆಕಾರಕ್ಕೆ ಎಲ್ಲೆಡೆ ತಾಗುವಂತೆ ಹಾಕುವುದರಿಂದ ಭಾರ ಹೊರುವ ವಿಸ್ತೀರ್ಣ ಹೆಚ್ಚುತ್ತದೆ. ಮೀನಖಂಡದಿಂದ ಕೆಳಕ್ಕೆ ಕಾಲು ಕಿರಿದಾಗುತ್ತ ಬರುವುದರಿಂದ, ಒಂದು ಆಲಿಕೆಯೊಳಗೆ ಇನ್ನೊಂದು ಆಲಿಕೆ ಕೂತಂತೆ, ಭಾರದ ಒಂದು ಪಾಲು ಪಾದಕ್ಕೆ ತಲುಪದೆ ಪ್ಲಾಸ್ಟರಿನ ಗೋಡೆಗೇ ಹೋಗುತ್ತದೆ. ಇದು ಸುಮಾರು ಮೂರನೆಯ ಒಂದು ಭಾಗವೆಂದು ಅಳತೆಗಳು ಹೇಳುತ್ತವೆ. ಹರಡು ಮಡಚದಿರುವುದರಿಂದ ಬೆರಳ ಬುಡದಿಂದ ನೆಲವನ್ನು ಒದೆಯುವ ಕ್ರಿಯೆಯೇ ನಿಲ್ಲುತ್ತದೆ. ಆದರೆ ಇದನ್ನು ಹಾಕಲು ತರಬೇತಿ ಬೇಕು. ಒಳಗಿನ ಸಣ್ಣ ಸುಕ್ಕೂ ನೋವಿಲ್ಲದ ಕಾಲಿಗೆ ಹೊಸ ಹುಣ್ಣು ಮಾಡೀತು. ಬಾವು ಇಳಿದಂತೆ ಪದೇ ಪದೇ ಬದಲಿಸಬೇಕು. ರಕ್ತಸಂಚಾರ ತೀರ ಕಡಿಮೆಯಿದ್ದರೆ ಅಥವಾ ಆಳವಾದ ಸೋಂಕಿದ್ದರೆ ಹಾಕಲೇಬಾರದು.

ಬಿಚ್ಚುವ ಬೂಟು, ಬಿಚ್ಚದ ಬೂಟು

ನನ್ನ ಸಹೋದ್ಯೋಗಿಯ ಎರಡನೆಯ ಹುಣ್ಣು ತಾನಾಗಿಯೇ ಮಾಯುತ್ತಿತ್ತೋ ಏನೋ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ ಹೋಲಿಸುವ ಚಿಕಿತ್ಸಾ ಪ್ರಯೋಗಗಳು ಬೇಕು. 1989ರಲ್ಲಿ ಪ್ರಕಟವಾದ ಅಂಥ ಪ್ರಯೋಗವೊಂದರಲ್ಲಿ 40 ಜನರಿದ್ದರು. ಪ್ಲಾಸ್ಟರ್ ಹಾಕಿದ 21 ಜನರಲ್ಲಿ 19 ಜನರ ಹುಣ್ಣು ಮಾಯಿತು, ಸರಾಸರಿ 42 ದಿನಗಳಲ್ಲಿ. ಪಟ್ಟಿ ಕಟ್ಟಿ ವಿಶೇಷ ಪಾದರಕ್ಷೆ ಕೊಟ್ಟು ಕಾಲಿಗೆ ಭಾರ ಕೊಡಬೇಡಿ ಎಂದು ಹೇಳಿದ 19 ಜನರಲ್ಲಿ ಮಾಯಿದ್ದು 6 ಜನರದು.

ಪ್ಲಾಸ್ಟರ್ ಹಾಕಲು ಕಷ್ಟವಾದ್ದರಿಂದ ಮೊಣಕಾಲಿನವರೆಗೆ ಬರುವ, ಪಟ್ಟಿಗಳಿಂದ ಬಿಗಿಯುವ ದಪ್ಪ ಬೂಟುಗಳು ಬಂದವು. ಪ್ರಯೋಗಶಾಲೆಯಲ್ಲಿ ಅಳೆದಾಗ ಉತ್ತಮ ಬೂಟು ಪ್ಲಾಸ್ಟರಿನಷ್ಟೇ ಒತ್ತಡ ಇಳಿಸುತ್ತಿತ್ತು. ಆದರೆ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 2001ರಲ್ಲಿ 63 ರೋಗಿಗಳ ಪ್ರಯೋಗ ಪ್ರಕಟಿಸಿದಾಗ, 12 ವಾರಗಳಲ್ಲಿ ಪ್ಲಾಸ್ಟರಿನವರಲ್ಲಿ ಶೇ. 89.5, ಬಿಚ್ಚುವ ಬೂಟಿನವರಲ್ಲಿ ಶೇ. 65, ಅರ್ಧ ಅಟ್ಟೆಯ ಪಾದರಕ್ಷೆಯವರಲ್ಲಿ ಶೇ. 58.3 ಮಂದಿಗೆ ಹುಣ್ಣು ಮಾಯಿತ್ತು. ಒತ್ತಡ ಒಂದೇ ಆಗಿದ್ದರೆ ಫಲಿತಾಂಶ ಏಕೆ ಬೇರೆ?

ಭೌತವಿಜ್ಞಾನಿ ಉಪಕರಣವನ್ನು ಅನುಮಾನಿಸುತ್ತಾನೆ. ಇವರು ಮನುಷ್ಯನನ್ನು ಅನುಮಾನಿಸಿದರು. 20 ರೋಗಿಗಳ ಸೊಂಟಕ್ಕೆ ಒಂದು ಚಲನಮಾಪಕ ಕಟ್ಟಿ, ಅವರಿಗೆ ತಿಳಿಯದಂತೆ ಬೂಟಿನೊಳಗೆ ಇನ್ನೊಂದನ್ನು ಅಡಗಿಸಿಟ್ಟರು. 2003ರಲ್ಲಿ ಪ್ರಕಟವಾದ ಉತ್ತರ: ದಿನದ ಒಟ್ಟು ಚಟುವಟಿಕೆಯಲ್ಲಿ ಬೂಟು ಹಾಕಿಕೊಂಡು ಮಾಡಿದ್ದು ಶೇ. 28 ಮಾತ್ರ. ಉಳಿದ ಹೆಜ್ಜೆಗಳೆಲ್ಲ ಬೂಟಿಲ್ಲದೆ ಬಿದ್ದವು. ನೋಯದ ಹುಣ್ಣಿಗೆ ಆ ಭಾರದ ಬೂಟನ್ನು ಯಾರು ತಾನೇ ದಿನವಿಡೀ ಹೊರುತ್ತಾರೆ?

ಮುಂದಿನ ಪ್ರಯೋಗ ನನಗೆ ತುಂಬ ಮೆಚ್ಚುಗೆಯಾದದ್ದು. ಅದೇ ಬೂಟನ್ನು ತೆಗೆದುಕೊಂಡು, ಒಂದು ಗುಂಪಿಗೆ ಹಾಗೆಯೇ ಕೊಟ್ಟರು. ಇನ್ನೊಂದು ಗುಂಪಿಗೆ ಬೂಟಿನ ಮೇಲೆ ಒಂದು ಸುತ್ತು ಅಂಟುಪಟ್ಟಿ ಅಥವಾ ಪ್ಲಾಸ್ಟರ್ ಸುತ್ತಿ ರೋಗಿ ಬಿಚ್ಚದಂತೆ ಮಾಡಿದರು. ಬೇರೆ ಯಾವ ವ್ಯತ್ಯಾಸವೂ ಇಲ್ಲ. 2005ರ ಫಲಿತಾಂಶ: 12 ವಾರಗಳಲ್ಲಿ ಬಿಚ್ಚದ ಬೂಟಿನ 23 ಜನರಲ್ಲಿ 19 ಜನರಿಗೆ, ಬಿಚ್ಚುವ ಬೂಟಿನ 27 ಜನರಲ್ಲಿ 14 ಜನರಿಗೆ ವಾಸಿ. ಎಂದರೆ ಶೇ. 82.6 ಮತ್ತು ಶೇ. 51.9.

ಐವತ್ತೇ ಜನರ ಪ್ರಯೋಗ ಸಾಕೆ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಎರಡು ಪ್ರಮಾಣಗಳ ವ್ಯತ್ಯಾಸದ ಪ್ರಮಾಣಿತ ದೋಷ ಸುಮಾರು 12.5 ಶೇಕಡಾಂಶ ಬರುತ್ತದೆ. ಕಂಡ ವ್ಯತ್ಯಾಸ ಸುಮಾರು 31. ಎರಡೂವರೆ ಪಟ್ಟು ಸಮೀಪ. ಹೊಸ ಕಣವೊಂದನ್ನು ಘೋಷಿಸಲು ನಮ್ಮವರು ಐದು ಪಟ್ಟು ಕೇಳುತ್ತಾರೆ, ನಿಜ. ಆದರೆ ಇಲ್ಲಿ ಬೇರೆ ಬೇರೆ ಪ್ರಯೋಗಗಳು ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಸುತ್ತಿದ ಬೂಟನ್ನೂ ಸಾಂಪ್ರದಾಯಿಕ ಪ್ಲಾಸ್ಟರನ್ನೂ ಹೋಲಿಸಿದ ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯಗುಂಪು 2023ರ ಮಾರ್ಗಸೂಚಿಯಲ್ಲೂ ಇಂಥ ಅಂಗಾಲಿನ ಹುಣ್ಣಿಗೆ ಮೊದಲ ಆಯ್ಕೆಯಾಗಿ ಹೇಳುವುದು ಮೊಣಕಾಲಿನವರೆಗಿನ, ಬಿಚ್ಚಲಾಗದ ಸಾಧನವನ್ನೇ.

ಆಚರಣೆ ಮಾತ್ರ ಹಿಂದೆಯೇ ಉಳಿಯಿತು. ಅಮೆರಿಕದಲ್ಲಿ 895 ಚಿಕಿತ್ಸಾಲಯಗಳನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಹೆಚ್ಚಿನ ಹುಣ್ಣುಗಳಿಗೆ ಪ್ಲಾಸ್ಟರ್ ಬಳಸುತ್ತಿದ್ದವು ಶೇ. 1.7 ಮಾತ್ರ. ಹುಣ್ಣಿನ ಮೇಲೆ ಹಚ್ಚುವ ವಸ್ತುವಿಗೆ ಬೆಲೆಪಟ್ಟಿಯಿದೆ, ಮಾರುವವರಿದ್ದಾರೆ. ಭಾರ ಇಳಿಸುವುದಕ್ಕೆ ಯಾರು ಜಾಹೀರಾತು ಕೊಡುತ್ತಾರೆ? ಇದು ನನ್ನ ಅನಿಸಿಕೆ. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಪಾದರಕ್ಷೆ ಹೊಸಿಲಿನ ಹೊರಗೇ ಉಳಿಯುತ್ತದೆ. ಅಡುಗೆಮನೆಗೆ, ದೇವರಮನೆಗೆ, ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲು. ಸಂವೇದನೆ ಹೋದವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂಬ ಸಲಹೆಯನ್ನು ಹಿರಿಯರಿಗೆ ಒಪ್ಪಿಸುವುದು ಸುಲಭವಲ್ಲ. ನನ್ನ ಸಹೋದ್ಯೋಗಿ ಮನೆಯೊಳಗಿಗೆಂದೇ ಬೇರೆ ಜೋಡಿ ಇಟ್ಟುಕೊಂಡ ಮೇಲೂ ಅವರ ತಾಯಿ ಒಪ್ಪಲು ತಿಂಗಳುಗಳೇ ಹಿಡಿದವು.

ಬಿಸಿ ಹೇಳುವ ಸುದ್ದಿ

ಚರ್ಮ ಒಡೆಯುವ ಮೊದಲು ಬಿಸಿಯಾಗುತ್ತದೆ ಎಂದು ಇಲಿಗಳ ಪ್ರಯೋಗ ತೋರಿಸಿತ್ತಲ್ಲ. ಎರಡೂ ಪಾದಗಳ ಅದದೇ ಜಾಗದ ತಾಪವನ್ನು ದಿನಾ ಅಳೆದು, ವ್ಯತ್ಯಾಸ 2.2 ಡಿಗ್ರಿ ಸೆಲ್ಸಿಯಸ್ ಮೀರಿದರೆ ನಡಿಗೆ ಕಡಿಮೆ ಮಾಡಿ ಎಂದು ಹೇಳಿದರೆ? ಅಮೆರಿಕದಲ್ಲಿ 225 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ಅಳೆದವರಿಗೆ ಹುಣ್ಣಾಗುವ ಸಂಭವ ಉಳಿದವರ ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಎಲ್ಲರೂ ಸಂತೋಷಪಟ್ಟರು. ನೆದರ್ಲೆಂಡ್ಸಿನಲ್ಲಿ 304 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆಯಾಗಿ ಗಣನೀಯ ಲಾಭ ಕಾಣಲಿಲ್ಲ. ಬಿಸಿ ಕಂಡಾಗ ನಿಜವಾಗಿ ನಡಿಗೆ ಕಡಿಮೆ ಮಾಡಿದವರಲ್ಲಿ ಮಾತ್ರ ಲಾಭದ ಸೂಚನೆಯಿತ್ತು. ಉಷ್ಣತಾಮಾಪಕ ತನ್ನ ಕೆಲಸ ಮಾಡಿತ್ತು; ಕೆಲವು ಕಾಲುಗಳು ನಿಲ್ಲಲಿಲ್ಲ.

ಕಾರ್‌ವಿಲ್‌ನಲ್ಲಿ ಬ್ರಾಂಡ್ ಅವರಿಗೂ ಇದೇ ಎದುರಾಗಿತ್ತು. ಅವರೂ ಎಂಜಿನಿಯರುಗಳೂ ಸೇರಿ ಕೃತಕ ನೋವಿನ ವ್ಯವಸ್ಥೆಯೊಂದನ್ನು ಕಟ್ಟಲು ವರ್ಷಗಟ್ಟಲೆ ಶ್ರಮಿಸಿದರು. ಒತ್ತಡದ ಸಂವೇದಕಗಳು ಕೈಗೂ ಕಾಲಿಗೂ. ಮಿತಿ ಮೀರಿದರೆ ಶಬ್ದ. ಶಬ್ದವನ್ನು ರೋಗಿಗಳು ಕಡೆಗಣಿಸಿದರು. ಸಂವೇದನೆ ಉಳಿದಿದ್ದ ಕಂಕುಳಿಗೆ ವಿದ್ಯುತ್ ಆಘಾತ ಕೊಡುವಂತೆ ಬದಲಿಸಿದರು. ಆಘಾತ ಬರುವಂಥ ಕೆಲಸ ಎದುರಾದಾಗ ರೋಗಿಗಳು ಸ್ವಿಚ್ ಆರಿಸಿ, ಕೆಲಸ ಮುಗಿಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಬ್ರಾಂಡ್ ಆ ಯೋಜನೆಯನ್ನೇ ಕೈಬಿಟ್ಟರು. ಅವರು 2003ರಲ್ಲಿ ತೀರಿಕೊಂಡರು.

ಆ ಕಲ್ಪನೆ ಈಗ ಬೇರೆ ರೂಪದಲ್ಲಿ ಮರಳಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ಹುಣ್ಣಾಗಿ ಮಾಯಿದ್ದ 58 ಜನರ ಪಾದರಕ್ಷೆಯೊಳಗೆ ಎಂಟು ಸಂವೇದಕಗಳ ಹಾಳೆಯಿತ್ತು. ಒತ್ತಡ ಲೋಮನಾಳದ ಮಿತಿಗಿಂತ, ಎಂದರೆ ಪಾದರಸದ ಸುಮಾರು 35 ಮಿ.ಮೀ.ಗಿಂತ, ಹೆಚ್ಚು ಹೊತ್ತು ಮೇಲಿದ್ದರೆ ಒಂದು ಗುಂಪಿನವರ ಕೈಗಡಿಯಾರ ಎಚ್ಚರಿಸುತ್ತಿತ್ತು. ಇನ್ನೊಂದು ಗುಂಪಿನವರ ಗಡಿಯಾರ ಸುಮ್ಮನಿರುತ್ತಿತ್ತು. ಲ್ಯಾಂಡಿಸ್ ಉಗುರಿನ ಬುಡದಲ್ಲಿ ಅಳೆದ ಸಂಖ್ಯೆಯ ಆಸುಪಾಸಿನದೇ ಇದು ಎಂಬುದನ್ನು ಗಮನಿಸಿ. ಎಚ್ಚರಿಕೆ ಪಡೆದವರಲ್ಲಿ ಹುಣ್ಣಿನ ದರ ಶೇ. 71ರಷ್ಟು ಕಡಿಮೆಯಾಯಿತು. ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ಅದನ್ನು ಹಾಕಿಕೊಂಡವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಳಿಕೆ ಇನ್ನೂ ಹೆಚ್ಚು. ಈ ಗಡಿಯಾರವನ್ನೂ ಬಿಚ್ಚಿಡಬಹುದು.